ಲಿಸಾಂಡ್ರಾ ಕ್ರೇನು ನಿಲ್ಲಿಸಿದ ಬೆಳಿಗ್ಗೆ

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಡೊರಿಂಡಾಳಿಗೆ ಮೊದಮೊದಲು ಬಾಯಿ ಬರುತ್ತಿರಲಿಲ್ಲ. ಭಾನುವಾರ ಚರ್ಚು ಮುಗಿಸಿ ಡಂಡಾಸ್ ಬೀದಿಯ ಬೇಕರಿಯಲ್ಲಿ ಹೆಂಗಸರೆಲ್ಲ ಸೇರಿದಾಗ ಒಬ್ಬಳು "ನನ್ನ ಸೊಸೆ ಬ್ಯಾಂಕಿನಲ್ಲಿದಾಳೆ" ಅನ್ನುವಳು, ಇನ್ನೊಬ್ಬಳು "ನಮ್ಮವಳು ಹಲ್ಲಿನ ಡಾಕ್ಟರ ಹತ್ರ" ಅನ್ನುವಳು. ಡೊರಿಂಡಾ ಕಾಫಿ ಕಲಕುತ್ತ "ನಮ್ಮವಳು ಕಟ್ಟಡದ ಕಡೆ" ಅಂದು ಮಾತು ತಿರುಗಿಸುವಳು. ಯಾವುದೋ ಕಚೇರಿಯಲ್ಲಿ ನಕ್ಷೆ ಮಡಿಚಿಡುವ ಕೆಲಸ ಅಂತ ಅವರು ತಿಳಿದುಕೊಂಡರೆ ಒಳ್ಳೆಯದೇ ಆಯಿತು ಅನ್ನುವ ಆಸೆ. ನಿಜವಾಗಿ ಲಿಸಾಂಡ್ರಾ ಕ್ರೇನು ನಡೆಸುವವಳು. ಟೊರಾಂಟೊದಲ್ಲಿ ಎಲ್ಲಿ ತಲೆ ಎತ್ತಿದರೂ ಕಾಣುತ್ತವಲ್ಲ, ಏಳುತ್ತಿರುವ ಕಟ್ಟಡಗಳ ನೆತ್ತಿಯ ಮೇಲೆ ಉದ್ದ ತೋಳು ಚಾಚಿಕೊಂಡು ನಿಂತವು, ಅಂಥದ್ದೊಂದರ ಗಾಜಿನ ಗೂಡಿನಲ್ಲಿ ಕೂತು ದಿನವಿಡೀ ಕಬ್ಬಿಣ, ಕಾಂಕ್ರೀಟು ಎತ್ತಿ ಇಳಿಸುವವಳು.

ಮಗ ಡುವಾರ್ಟ್ ಅವಳನ್ನು ಮೊದಲ ಸಲ ಮನೆಗೆ ಕರೆತಂದ ದಿನ, "ಅಮ್ಮ, ಇವಳಿಗೆ ಎತ್ತರ ಅಂದ್ರೆ ಸ್ವಲ್ಪಾನೂ ಭಯ ಇಲ್ಲ" ಅಂದಿದ್ದ.

"ಅಡುಗೆಮನೆ ಅಂದ್ರೆ?" ಅಂತ ಕೇಳಿದ್ದಳು ಡೊರಿಂಡಾ.

"ಅದಂದ್ರೆ ಭಯ ಇದೆ, ಅತ್ತೆ" ಅಂದು ಲಿಸಾಂಡ್ರಾ ತಾನೇ ನಕ್ಕಿದ್ದಳು. ಇನ್ನೂ ಮದುವೆಯ ಮಾತೇ ಆಗಿರಲಿಲ್ಲ, ಆಗಲೇ ಅತ್ತೆ ಅಂದುಬಿಟ್ಟಿದ್ದಳು. ಡೊರಿಂಡಾಳಿಗೆ ಸಿಟ್ಟೂ ಬಂತು, ಒಳಗೊಳಗೇ ಇಷ್ಟವೂ ಆಯಿತು.

ಡೊರಿಂಡಾ ಹತ್ತೊಂಬತ್ತರ ವಯಸ್ಸಿನಲ್ಲಿ ಕಡಲಾಚೆಯ ತನ್ನೂರು ಅಸೋರಸ್ ದ್ವೀಪ ಬಿಟ್ಟು ಟೊರಾಂಟೊಗೆ ಬಂದವಳು. ಬಂದ ವಾರವೇ ಕೈಗೆ ಒರೆಸುವ ಬಟ್ಟೆ ಬಂತು. ಸಂಜೆ ಆಫೀಸಿನವರು ಮನೆಗೆ ಹೋದ ಮೇಲೆ ಪೇಟೆಯ ಎತ್ತರದ ಕಟ್ಟಡಗಳಿಗೆ ಹೋಗಿ ಅವರ ಮೇಜು, ಕಿಟಕಿ, ಕಕ್ಕಸು ಉಜ್ಜಿ ಮೂರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು. ಗಂಡ ತೀರಿಕೊಂಡ. ಈಗ ಅವಳ ಮನೆ ಒಂಬತ್ತನೇ ಮಹಡಿಯಲ್ಲಿ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಡುವಾರ್ಟ್ ಮತ್ತು ಲಿಸಾಂಡ್ರಾ. ಅವರಿಗೆ ಐದು ವರ್ಷದ ಗಿಲ್, ಆಮೇಲೆ ಹುಟ್ಟಿದ ಇನೆಸ್.

ಇನೆಸ್ ಹುಟ್ಟಿ ಐದು ತಿಂಗಳಾಗುತ್ತಿದ್ದಂತೆ ಲಿಸಾಂಡ್ರಾ ಕೆಲಸಕ್ಕೆ ವಾಪಸು ಹೊರಟಳು.

"ರಜೆ ಇನ್ನೂ ಇದೆಯಲ್ಲೇ" ಅಂದಳು ಡೊರಿಂಡಾ. "ಸರ್ಕಾರದವರೇ ಮನೇಲಿರು ಅಂತಾರೆ, ನಿನಗೇನು ಬಂತು?"

"ಅತ್ತೆ, ನಮ್ಮ ಕಂಪನೀಲಿ ಕ್ರೇನ್ ಮೇಲೆ ಕೂತ ಮೊದಲ ಹೆಂಗಸು ನಾನು. ನನ್ನ ಸೀಟಲ್ಲಿ ಈಗ ಒಬ್ಬ ಕೂತಿದಾನೆ. ವರ್ಷ ಆದ ಮೇಲೆ ಹೋದ್ರೆ ಅವನು ಏಳ್ತಾನಾ? ನೋಡಿದ್ರಾ, ಹೆಂಗಸರನ್ನ ತಗೊಂಡ್ರೆ ಹೀಗೇ ಅಂತಾರೆ. ನನಗೆ ಅಷ್ಟೇ ಅಲ್ಲ, ನನ್ನ ಹಿಂದೆ ಬರೋಳಿಗೂ ಬಾಗಿಲು ಹಾಕ್ತಾರೆ."

"ಹಾಲು?"

"ಅದಕ್ಕೊಂದು ದಾರಿ ಮಾಡ್ಕೊಂಡಿದೀನಿ" ಅಂದಳು ಲಿಸಾಂಡ್ರಾ.

ಅವಳು ಮಾಡಿಕೊಂಡ ದಾರಿ ಆಮೇಲೆ ಆ ಕಟ್ಟಡ ಕಟ್ಟುವವರ ನಡುವೆ ಹೆಸರುವಾಸಿಯಾಯಿತು. ಇನೆಸ್ ಡಬ್ಬಿ ಹಾಲನ್ನು ಬಾಯಿಗೆ ಇಟ್ಟ ಕ್ಷಣವೇ ಉಗಿಯುತ್ತಿದ್ದಳು. ಹಾಗಾಗಿ ಲಿಸಾಂಡ್ರಾ ಹಾಲು ಹಿಂಡುವ ಚಿಕ್ಕ ಯಂತ್ರವನ್ನು ಬೆನ್ನ ಚೀಲದಲ್ಲಿ ಹಾಕಿಕೊಂಡು ಏಣಿ ಹತ್ತುವಳು. ಕೆಳಗೆ ಕಬ್ಬಿಣ ಕಟ್ಟುವವರು ಚಹಾಕ್ಕೆ ನಿಂತಾಗ, ಮೋಡದ ಪಕ್ಕದ ಆ ಗೂಡಿನಲ್ಲಿ ಜಾಕೆಟ್ಟು ಬಿಚ್ಚಿ, ಮಗಳ ಫೋಟೊ ನೋಡುತ್ತ ಹಾಲು ತೆಗೆಯುವಳು. ಸೀಸೆಯನ್ನು ಐಸಿನ ಕೆಂಪು ಪೆಟ್ಟಿಗೆಯಲ್ಲಿಟ್ಟು, ಹಗ್ಗ ಕಟ್ಟಿ, ನಿಧಾನಕ್ಕೆ ಕೆಳಗೆ ಬಿಡುವಳು. ಕೆಳಗೆ ಅದನ್ನು ಹಿಡಿಯುವವನು ಡೆಲ್‌ರಾಯ್. ಜಮೈಕಾದಿಂದ ಬಂದು ನೆಲೆಸಿದ, ಅರವತ್ತರ ಹತ್ತಿರದ ಮನುಷ್ಯ. ನೆಲದಿಂದ ಕ್ರೇನಿಗೆ ರೇಡಿಯೊದಲ್ಲಿ ಸನ್ನೆ ಕೊಡುವುದು ಅವನ ಕೆಲಸ. ಲಿಸಾಂಡ್ರಾಳ ಕಿವಿಯಲ್ಲಿ ದಿನವಿಡೀ ಇರುವ ದನಿ ಅವನದು.

"ಹಾಲು ಬಂತು, ದಾರಿ ಬಿಡ್ರಪ್ಪೋ!" ಅಂತ ಡೆಲ್‌ರಾಯ್ ಕೂಗಿದರೆ ಧಡೂತಿ ಬಡಗಿಗಳೆಲ್ಲ ಸರಿದು ನಿಲ್ಲುವರು. ಯಾರೋ ತಮಾಷೆಗೆ ತಲೆಯ ಟೋಪಿ ತೆಗೆದು ಎದೆಗೆ ಹಿಡಿಯುವನು. ಅವನನ್ನು ನೋಡಿ ಉಳಿದವರೂ ತೆಗೆಯುವರು. ಡೊರಿಂಡಾ ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಗೇಟಿನ ಹತ್ತಿರ ಬಂದು ಪೆಟ್ಟಿಗೆ ಇಸಿದುಕೊಳ್ಳುವಳು.

"ಇವತ್ತು ಸ್ವರ್ಗದಿಂದ ಸ್ವಲ್ಪ ಜಾಸ್ತೀನೇ ಬಂದಿದೆ, ಅಮ್ಮ" ಅನ್ನುವನು ಡೆಲ್‌ರಾಯ್.

"ಬಾಯಿ ಮುಚ್ಚು. ಮಗು ಕೇಳಿಸ್ಕೊಳ್ತದೆ" ಅನ್ನುವಳು ಡೊರಿಂಡಾ. ದಾರಿಯುದ್ದಕ್ಕೂ ಆ ಪೆಟ್ಟಿಗೆಯನ್ನು ಇನ್ನೊಂದು ಕೂಸಿನಂತೆ ಒಂದು ಕೈಯಲ್ಲಿ ಎದೆಗೊತ್ತಿಕೊಂಡೇ ಬರುವಳು.

ಅವಳ ಬಾಲ್ಕನಿಯಿಂದ ಆ ಕ್ರೇನು ನೇರ ಕಾಣುತ್ತಿತ್ತು. ಬೆಳಿಗ್ಗೆ ಗಿಲ್‌ನನ್ನು ಶಾಲೆಗೆ ಬಿಟ್ಟು ಬಂದು, ಮಗುವನ್ನು ಎತ್ತಿಕೊಂಡು ಅಲ್ಲಿ ನಿಲ್ಲುವಳು. ನೋಡ್ತಾ ನೋಡ್ತಾ ಅವಳಿಗೆ ಆ ತೋಳಿನ ಮಾತು ಅರ್ಥವಾಗತೊಡಗಿತು. ಹೊರೆ ಎತ್ತುವ ಮುಂಚೆ ಅದು ಒಂದು ಕ್ಷಣ ಉಸಿರು ಹಿಡಿದಂತೆ ನಿಲ್ಲುತ್ತದೆ. ಭಾರ ಹೆಚ್ಚಿದ್ದರೆ ತುದಿ ತುಸು ಬಾಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ತೋಳನ್ನು ಗಾಳಿಗೆ ಬಿಟ್ಟುಬಿಡುತ್ತಾರೆ, ಗಾಳಿ ಬಂದ ಕಡೆಗೆ ಅದು ತಾನೇ ತಿರುಗಿಕೊಳ್ಳುತ್ತದೆ. "ಬಿಗಿ ಹಿಡಿದು ನಿಲ್ಲಿಸಿದ್ರೆ ದೊಡ್ಡ ಗಾಳಿಗೆ ಉರುಳಿಬಿಡ್ತದೆ ಅತ್ತೆ" ಎಂದು ಲಿಸಾಂಡ್ರಾ ಒಮ್ಮೆ ಹೇಳಿದ್ದಳು. ತೋಳು ಸಡಿಲವಾಗಿ ತಿರುಗಿತೆಂದರೆ ಸೊಸೆ ಇಳಿಯುತ್ತಿದ್ದಾಳೆ ಎಂದರ್ಥ. ಡೊರಿಂಡಾ ಆಗ ಸೂಪು ಬಿಸಿಗಿಡುವಳು.

ಬೇಕರಿಯಲ್ಲಿ ಅವಳ ಮಾತು ಬದಲಾಗಿತ್ತು. "ನಮ್ಮವಳು ನಿಮ್ಮ ಸೊಸೆಯಂದಿರ ಬ್ಯಾಂಕಿನ ಮೇಲೆ ಕಾಲು ಚಾಚಿ ಕೂರ್ತಾಳೆ" ಅನ್ನುವಷ್ಟು ಧೈರ್ಯ ಬಂದಿತ್ತು.

ಆದರೆ ಚಳಿಗಾಲ ನಡುವಿಗೆ ಬರುವಷ್ಟರಲ್ಲಿ ಸೊಸೆ ಬದಲಾಗತೊಡಗಿದಳು.

ಮೊದಲು ಕುರ್ಚಿಗಳು. ಬೆಳಿಗ್ಗೆ ಮಕ್ಕಳನ್ನು ಬಿಡಲು ಬಂದವಳು ಬಾಲ್ಕನಿಯಲ್ಲಿದ್ದ ಕುರ್ಚಿಗಳನ್ನೆಲ್ಲ ಒಳಗೆ ತಂದಿಟ್ಟಳು. "ಗಿಲ್ ಹತ್ತಿಬಿಡ್ತಾನೆ" ಅಂದಳು. ಸರಿ, ತಾಯಿಯ ಕರುಳು ಅಂದುಕೊಂಡಳು ಡೊರಿಂಡಾ. ಮಾರನೇ ವಾರ ಬಾಲ್ಕನಿ ಬಾಗಿಲಿನ ಹಿಡಿಗೆ ತಂತಿ ಸುತ್ತಿದಳು. ಅದೂ ಎಂಥ ಸುತ್ತು! ಕಬ್ಬಿಣ ಕಟ್ಟುವವರು ಸುತ್ತುವ ಹಾಗೆ, ಇಕ್ಕಳವಿಲ್ಲದೆ ಬಿಚ್ಚಲಾಗದ ಹಾಗೆ. "ಇನೆಸ್‌ನ ಎತ್ಕೊಂಡು ಕಿಟಕಿ ಹತ್ರ ನಿಲ್ಲಬೇಡಿ, ಅತ್ತೆ."

"ನಾನು ಮೂರು ಮಕ್ಕಳನ್ನ ಸಾಕಿದೋಳು ಕಣೆ."

"ಗೊತ್ತು. ಆದ್ರೂ ನಿಲ್ಲಬೇಡಿ."

"ನನ್ನ ಕೈ ನಡುಗ್ತದೆ ಅಂತ ತಿಳ್ಕೊಂಡಿದೀಯಾ?"

ಲಿಸಾಂಡ್ರಾ ತನ್ನದೇ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಡೊರಿಂಡಾಳಿಗೆ ಅವಮಾನವಾಯಿತು. ಮೂರು ದಿನ ಸೊಸೆಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಬೆಳಿಗ್ಗೆ ಬಾಗಿಲಿನಿಂದ ಹೊರಟ ಲಿಸಾಂಡ್ರಾ ಎಲಿವೇಟರ್ ತನಕ ಹೋಗಿ ವಾಪಸು ಬಂದು ಒಲೆ ನೋಡುವುದು, ಮತ್ತೆ ಹೋಗಿ ಮತ್ತೆ ಬಂದು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಊಟದ ತಟ್ಟೆಯಲ್ಲಿ ಮೀನು ಹಾಗೇ ಉಳಿಯುತ್ತಿತ್ತು. "ಮಗು ಎಬ್ಬಿಸ್ತಾಳಾ?" ಅಂದರೆ "ಇಲ್ಲ, ಅವಳು ಚೆನ್ನಾಗಿ ಮಲಗ್ತಾಳೆ. ನಾನು ಕಾಯ್ತಾ ಇರ್ತೀನಿ" ಅನ್ನುವಳು. ಏನನ್ನು ಕಾಯುವುದು ಎಂದು ಡೊರಿಂಡಾ ಕೇಳಲಿಲ್ಲ. ಕೇಳಬಾರದು ಅಂತಲ್ಲ. ಅವಳಿಗೆ ಆ ಉತ್ತರ ಎಲ್ಲೋ ಗೊತ್ತಿತ್ತು, ಗೊತ್ತಿದ್ದದ್ದನ್ನು ಮುಟ್ಟಲು ಇಷ್ಟವಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಆಕಾಶ ತೊಳೆದಿಟ್ಟ ಹಾಗಿತ್ತು. ಅವತ್ತು ಹೊಸ ಮಹಡಿಗೆ ಕಾಂಕ್ರೀಟು ಸುರಿಯುವ ದಿನ. ಕಾಂಕ್ರೀಟಿನ ಲಾರಿಗಳು ಬೀದಿಯ ತುದಿಯವರೆಗೆ ಹೊಟ್ಟೆ ತಿರುಗಿಸುತ್ತ ಸಾಲು ನಿಂತಿದ್ದವು. ಡೊರಿಂಡಾ ಮುಚ್ಚಿದ ಬಾಗಿಲಿನ ಗಾಜಿನ ಹಿಂದೆ, ಸೊಸೆ ಹೇಳಿದ ದೂರದಲ್ಲಿ ಕೂತು, ಇನೆಸ್‌ಗೆ ಕ್ರೇನು ತೋರಿಸುತ್ತಿದ್ದಳು. ಕಾಂಕ್ರೀಟಿನ ದೊಡ್ಡ ತೊಟ್ಟಿ ಮೇಲೆ ಹೋಯಿತು, ಖಾಲಿಯಾಗಿ ಇಳಿಯಿತು. ಮತ್ತೆ ಹೋಯಿತು, ಇಳಿಯಿತು. ಮೂರನೆಯ ಸಲ ತುಂಬಿದ ತೊಟ್ಟಿ ನೆಲದಿಂದ ಆಳೆತ್ತರ ಎದ್ದದ್ದು ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಕೆಳಗಿಳಿದು ನೆಲ ಮುಟ್ಟಿತು. ಕೊಕ್ಕೆ ಖಾಲಿಯಾಗಿ ಮೇಲೆ ಬಂತು. ಮತ್ತೆ ಆ ಉದ್ದನೆಯ ತೋಳು ಸಡಿಲಗೊಂಡು ಸರೋವರದ ಕಡೆಯ ಗಾಳಿಗೆ ತಾನಾಗಿ ತಿರುಗತೊಡಗಿತು.

ಇನ್ನೂ ಶಾಲೆಯ ಮೊದಲ ಗಂಟೆ ಮುಗಿದಿರಲಿಲ್ಲ. ಲಾರಿಗಳು ಸಾಲಿನಲ್ಲೇ ಇದ್ದವು.

ಡೊರಿಂಡಾ ಮಗುವಿಗೆ ಟೋಪಿ ಹಾಕಿ, ತಾನು ಕೋಟಿನ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು, ತಳ್ಳುಗಾಡಿ ಹಿಡಿದು ಓಡಿದಳು.

ಗೇಟಿನಲ್ಲಿ ಗದ್ದಲವೋ ಗದ್ದಲ. ಲಾರಿಯವರು ಹಾರ್ನು ಒತ್ತುತ್ತಿದ್ದರು. ಮೇಸ್ತ್ರಿ ರೊಕ್ಕೊ ಒಂದು ಕಿವಿಗೆ ಫೋನು ಹಿಡಿದು "ಗಾಳಿಗೆ ಕ್ರೇನು ನಿಂತಿದೆ ಅಂತ ಹೇಳ್ರಿ, ಏನಾದ್ರೂ ಹೇಳ್ರಿ, ಕಾಂಕ್ರೀಟು ಗಟ್ಟಿಯಾದ್ರೆ ನನ್ನ ತಲೆ ಮೇಲೆ ಸುರ್ಕೊಳ್ಳಾ?" ಎಂದು ಕಿರುಚುತ್ತಿದ್ದ. ಡೆಲ್‌ರಾಯ್ ಮಾತ್ರ ಅಲುಗಾಡದೆ ನಿಂತು, ರೇಡಿಯೊವನ್ನು ಬಾಯಿಯ ಹತ್ತಿರ ಹಿಡಿದು ಮೇಲೆ ನೋಡುತ್ತಿದ್ದ.

"ಏನಾಯ್ತಪ್ಪ? ಬಿದ್ದಳಾ?"

"ಇಲ್ಲ ಅಮ್ಮ. ಕೂತಿದಾಳೆ." ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ತೊಟ್ಟೀನ ಮೊಟ್ಟೆ ಇಟ್ಟ ಹಾಗೆ ನೆಲಕ್ಕಿಟ್ಟಳು. ಆಮೇಲೆ ಹೇಳಿದಳು, 'ಡೆಲ್‌ರಾಯ್, ನನ್ನ ಕೊಕ್ಕೆ ಕೆಳಗಿಂದ ಎಲ್ಲರನ್ನೂ ಕಳಿಸು. ಇವತ್ತು ಎತ್ತೋದಕ್ಕೆ ನಾನು ಲಾಯಕ್ಕಿಲ್ಲ. ನನ್ನ ತಲೆ ಸರಿಯಿಲ್ಲ.' ಅಷ್ಟೇ. ಈಗ ನಾನು ಕರೆದ್ರೆ ಹ್ಞೂಂ ಅಂತಾಳೆ, ಇಳಿ ಅಂದ್ರೆ ಆಗಲ್ಲ ಅಂತಾಳೆ. ಕೈ ಏಣಿ ಹಿಡಿಯಲ್ಲವಂತೆ."

ಡೊರಿಂಡಾ ತಲೆ ಎತ್ತಿದಳು. ಇಷ್ಟು ತಿಂಗಳೂ ಅವಳು ಈ ಕ್ರೇನನ್ನು ಒಂಬತ್ತನೇ ಮಹಡಿಯಿಂದ, ದೂರದಿಂದ, ಮಗುವಿನ ಆಟಿಕೆಯಂತೆ ನೋಡಿದ್ದಳು. ಗೇಟಿನವರೆಗೆ ಬಂದರೂ ಹಾಲಿನ ಪೆಟ್ಟಿಗೆಯ ಮೇಲೆಯೇ ಕಣ್ಣು. ಬುಡದಲ್ಲಿ ನಿಂತು ನೋಡಿದ್ದು ಇದೇ ಮೊದಲು. ಹಳದಿ ಕಂಬಿಗಳು ಒಂದರ ಮೇಲೊಂದು, ಒಂದರ ಮೇಲೊಂದು ಹತ್ತಿ ಹೋಗಿ, ಕೊನೆಗೆ ನೀಲಿಯಲ್ಲಿ ದಾರದಷ್ಟು ಸಣ್ಣಗಾಗಿದ್ದವು. ಕುತ್ತಿಗೆ ಹಿಂದಕ್ಕೆ ವಾಲಿ ತಲೆಯ ಮೇಲಿನ ಉಣ್ಣೆ ಟೋಪಿ ಬಿದ್ದೇ ಹೋಯಿತು. ಗೂಡು ಒಂದು ನೀರಹನಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಮೇಲೆ! ದಿನಾ! ಹೆರಿಗೆಯ ಹೊಲಿಗೆ ಮಾಯ್ದ ಮೈ ಹೊತ್ತು, ಎದೆಯಲ್ಲಿ ಹಾಲು ಹೊತ್ತು, ಬೆಳಕು ಹರಿಯುವ ಮುಂಚೆ ಈ ಏಣಿಗಳನ್ನು ಇವಳು ಹತ್ತುತ್ತಿದ್ದಳು. ನಿದ್ದೆಯಿಲ್ಲದ ಕಣ್ಣಲ್ಲಿ ಹತ್ತುತ್ತಿದ್ದಳು. ತಾನು ಮೂರು ದಿನ ಮುಖ ಊದಿಸಿಕೊಂಡಿದ್ದಾಗಲೂ ಹತ್ತುತ್ತಿದ್ದಳು. ಡೊರಿಂಡಾಳಿಗೆ ಚರ್ಚಿನ ಗೋಪುರದ ಕೆಳಗೆ ನಿಂತಾಗಲೂ ಹೀಗಾಗಿರಲಿಲ್ಲ.

"ಅಗ್ನಿಶಾಮಕದವರನ್ನ ಕರೀತೀನಿ" ಅಂದ ರೊಕ್ಕೊ.

"ಆ ಗಂಟೆ, ಆ ಕೂಗು ಕೇಳಿದ್ರೆ ಇನ್ನೂ ಹೆದರ್ತಾಳೆ. ಒಂದು ಐದು ನಿಮಿಷ ತಡ್ಕೊಳ್ಳಿ ಯಜಮಾನ್ರೆ" ಅಂದ ಡೆಲ್‌ರಾಯ್. ಮತ್ತೆ ಡೊರಿಂಡಾಳ ಕೈಗೆ ರೇಡಿಯೊ ಕೊಟ್ಟ. "ಈ ಗುಂಡಿ ಒತ್ತಿ ಮಾತಾಡಿ. ಬಿಟ್ರೆ ಅವಳ ಮಾತು ಕೇಳ್ತದೆ."

ಡೊರಿಂಡಾ ಗುಂಡಿ ಒತ್ತಿದಳು. "ಲಿಸಾಂಡ್ರಾ. ನಾನು."

ಕರ್ರೆಂದು ಸದ್ದಾಯಿತು. "ಅತ್ತೆ? ಇನೆಸ್ ಎಲ್ಲಿ? ಇನೆಸ್ ಎಲ್ಲಿದಾಳೆ?"

"ಇಲ್ಲೇ ಇದಾಳೆ. ಗಾಡೀಲಿ ಮಲಗಿದಾಳೆ. ನೆಲದ ಮೇಲೆ ಇದೀವಿ ಕಣೆ, ಸಮತಟ್ಟು ನೆಲ. ಇಲ್ಲಿಂದ ಇನ್ನೆಲ್ಲಿಗೂ ಬೀಳೋಕಾಗಲ್ಲ."

ಆಮೇಲೆ ಲಿಸಾಂಡ್ರಾ ಮಾತಾಡಿದಳು. ಅವಳ ದನಿ ಸಣ್ಣಗಿತ್ತು, ಆದರೆ ಕಟ್ಟಡದಲ್ಲಿ ರೇಡಿಯೊ ಇದ್ದವರಿಗೆಲ್ಲ ಕೇಳುತ್ತಿತ್ತು.

"ಅತ್ತೆ, ಕೊಕ್ಕೆಗೆ ಏನು ಕಟ್ಟಿದ್ರೂ ಅದು ಇನೆಸ್ ಅನ್ನಿಸ್ತದೆ. ಕಬ್ಬಿಣ ಕಟ್ಟಿದ್ರೂ, ಹಲಗೆ ಕಟ್ಟಿದ್ರೂ. ನಾನೇ ಅವಳನ್ನ ಬೀಳಿಸ್ತೀನಿ ಅನ್ನಿಸ್ತದೆ. ಮನೇಲೂ ಹಾಗೇ. ಬಾಲ್ಕನಿ ನೋಡಿದ್ರೆ ಸಾಕು. ನಿಮ್ಮ ಕೈ ಮೇಲೆ ನನಗೆ ಅನುಮಾನ ಇರ್ಲಿಲ್ಲ, ಅತ್ತೆ. ನನ್ನ ಕೈ ಮೇಲೆ. ಹೇಳಿದ್ರೆ ಮಕ್ಕಳನ್ನ ಕಿತ್ಕೊಳ್ತಾರೆ ಅಂತ ಹೇಳ್ಲಿಲ್ಲ. ಇವತ್ತು ತೊಟ್ಟಿ ಎದ್ದಾಗ ಅದರ ಸುತ್ತ ನಾಲ್ಕು ಜನ ನಿಂತಿದ್ರು. ಅವರಿಗೂ ಮನೇಲಿ ತಾಯಂದಿರಿದಾರೆ ಅನ್ನಿಸ್ತು. ಅದಕ್ಕೇ ಇಳಿಸಿಬಿಟ್ಟೆ."

ಹಾರ್ನುಗಳು ಒಂದೊಂದಾಗಿ ನಿಂತವು. ಕಬ್ಬಿಣ ಬಾಗಿಸುವವರು, ಹಲಗೆ ಹೊಡೆಯುವವರು, ಮಹಡಿ ಮಹಡಿಯ ಅಂಚಿನಲ್ಲಿ ಕೆಲಸ ಬಿಟ್ಟು ನಿಂತಿದ್ದರು. ಅವರಲ್ಲಿ ಅರ್ಧ ಜನ ಡೊರಿಂಡಾಳ ಭಾಷೆಯವರೇ, ಅವಳ ಚರ್ಚಿನವರೇ. ಅಷ್ಟು ಜನರ ಎದುರು, ಅಷ್ಟು ರೇಡಿಯೊಗಳಲ್ಲಿ, ಡೊರಿಂಡಾ ಯಾವತ್ತೂ ಯಾರಿಗೂ ಹೇಳದ್ದನ್ನು ಹೇಳತೊಡಗಿದಳು.

"ಕೇಳು ಮಗಳೇ. ಡುವಾರ್ಟ್ ನಾಲ್ಕು ತಿಂಗಳ ಕೂಸಾಗಿದ್ದಾಗ ನಾನು ಬ್ಯಾಂಕಿನ ಕಟ್ಟಡದಲ್ಲಿ ಕಿಟಕಿ ಒರೆಸ್ತಿದ್ದೆ. ಮೂವತ್ತೊಂದನೇ ಮಹಡಿ. ಕಿಟಕಿ ಹತ್ರ ಹೋದ್ರೆ ಮಗೂನ ಎತ್ತಿ ಎಸೀತೀನೇನೋ ಅನ್ನಿಸೋದು. ಮಗು ಅಲ್ಲಿ ಇರ್ತಿರ್ಲಿಲ್ಲ, ಪಕ್ಕದ ಮನೆಯವಳ ಹತ್ರ ಬಿಟ್ಟು ಬಂದಿರ್ತಿದ್ದೆ. ಆದ್ರೂ ಅನ್ನಿಸೋದು. ಒಂದು ವರ್ಷ ಕಣ್ಣು ಮುಚ್ಕೊಂಡೇ ಗಾಜು ಒರೆಸಿದೆ. ಗಂಡನಿಗೆ ಹೇಳ್ಲಿಲ್ಲ, ನನ್ನ ತಾಯಿಗೆ ಹೇಳ್ಲಿಲ್ಲ, ಪಾದ್ರಿಗೆ ಹೇಳ್ಲಿಲ್ಲ. ನಾನು ರಾಕ್ಷಸಿ ಅಂತ ತಿಳ್ಕೊಂಡಿದ್ದೆ. ಇವತ್ತಿನ ತನಕ ತಿಳ್ಕೊಂಡಿದ್ದೆ. ನೋಡು, ಎಸೀಲಿಲ್ಲ. ನಿನ್ನ ಗಂಡ ಎಷ್ಟು ದಪ್ಪ ಆಗಿದಾನೆ ನೋಡು."

ಮೇಲಿನಿಂದ ಬಂದದ್ದು ನಗುವೋ ಅಳುವೋ ಯಾರಿಗೂ ಗೊತ್ತಾಗಲಿಲ್ಲ.

"ನೀವೂನಾ, ಅತ್ತೆ?"

"ನಾನೂನು. ಈಗ ಇಡೀ ಡಂಡಾಸ್ ಬೀದಿಗೆ ಗೊತ್ತಾಯ್ತು. ಬಾ, ಇಳಿದು ಬಾ. ಇಬ್ಬರೂ ಸೇರಿ ಡಾಕ್ಟರ ಹತ್ರ ಹೋಗೋಣ."

"ಕೈ ನಿಲ್ತಿಲ್ಲ."

ಡೆಲ್‌ರಾಯ್ ಆಗಲೇ ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುತ್ತಿದ್ದ. "ಆ ನೋಯೋ ಮಂಡಿ ಇಟ್ಕೊಂಡು ನೀನೆಲ್ಲಿಗೆ?" ಅಂದ ರೊಕ್ಕೊ. "ಅವಳು ಎಷ್ಟು ತಿಂಗಳಿಂದ ಆ ತಲೆ ಇಟ್ಕೊಂಡು ಹತ್ತಿದಳು? ನಾನು ಒಂದು ದಿನ ಈ ಮಂಡಿ ಇಟ್ಕೊಂಡು ಹತ್ತೀನಿ" ಅಂದು ಡೆಲ್‌ರಾಯ್ ಏಣಿ ಹಿಡಿದ.

ಅವನು ಹತ್ತಿ, ಇಬ್ಬರೂ ಇಳಿಯುವಷ್ಟರಲ್ಲಿ ಬಹಳ ಹೊತ್ತಾಯಿತು. ಅವನು ಒಂದು ಮೆಟ್ಟಿಲು ಕೆಳಗೆ, ಅವಳು ಒಂದು ಮೆಟ್ಟಿಲು ಮೇಲೆ. ಪ್ರತಿ ಏಣಿಯ ಕೊನೆಗೆ ಒಂದು ಚಿಕ್ಕ ಕಟ್ಟೆ, ಅಲ್ಲಿ ನಿಲ್ಲುವರು. ಅವನು ಏನೋ ಹೇಳುವನು, ಅವಳು ತಲೆಯಾಡಿಸುವಳು, ಮತ್ತೆ ಇಳಿಯುವರು. ಕೆಳಗೆ ಯಾರೂ ಕೆಲಸಕ್ಕೆ ಹಿಂತಿರುಗಲಿಲ್ಲ, ಯಾರೂ ಹೊರಗೂ ಹೋಗಲಿಲ್ಲ. ಕಾಂಕ್ರೀಟು ಲಾರಿಯ ಹೊಟ್ಟೆಯಲ್ಲಿ ಸುತ್ತುತ್ತಲೇ ಇತ್ತು. ಕೊನೆಯ ಏಣಿಯಲ್ಲಿ ಲಿಸಾಂಡ್ರಾಳ ಬೂಟು ಕಂಡಾಗ ಒಬ್ಬ ಮುದುಕ ಬಡಗಿ ತಲೆಯ ಟೋಪಿ ತೆಗೆದ. ಈ ಸಲ ಯಾರೂ ನಗಲಿಲ್ಲ.

ಅವಳು ಬಂದವಳೇ ಗಾಡಿಯ ಹತ್ತಿರ ಮಂಡಿಯೂರಿ ಕೂತಳು. ಮಗುವನ್ನು ಮುಟ್ಟಲು ಕೈ ಚಾಚಿ, ಹಿಂತೆಗೆದುಕೊಂಡಳು. ಡೊರಿಂಡಾ ಆ ಕೈ ಹಿಡಿದು ಮಗುವಿನ ಕೆನ್ನೆಯ ಮೇಲಿಟ್ಟು, ತನ್ನ ಕೈಯನ್ನು ಅದರ ಮೇಲಿಟ್ಟು, ಹಾಗೇ ಇಟ್ಟುಕೊಂಡಳು.

ರೊಕ್ಕೊ ದೂರದಲ್ಲಿ ನಿಂತು ಮತ್ತೆ ಫೋನಿನಲ್ಲಿದ್ದ. ದನಿ ಮಾತ್ರ ಇಳಿದಿತ್ತು. "ಗಾಳಿ ಅಲ್ಲ ಸ್ವಾಮಿ" ಅನ್ನುತ್ತಿದ್ದ. "ಬರೆಯೋದಾದ್ರೆ ಸರಿಯಾಗಿ ಬರೀರಿ. ಇಪ್ಪತ್ತು ವರ್ಷದಲ್ಲಿ ಕುಡಿದು ಬಂದೋರನ್ನ ನೋಡಿದೀನಿ, ನಿದ್ದೆಗೆಟ್ಟು ಬಂದೋರನ್ನ ನೋಡಿದೀನಿ. ನನ್ನಿಂದ ಆಗಲ್ಲ ಅಂತ ಕೊಕ್ಕೆ ಇಳಿಸಿದೋರು ಯಾರೂ ಇಲ್ಲ. ಈ ಹೆಂಗಸು ಇಳಿಸಿದಳು."

ಡಾಕ್ಟರು ಒಬ್ಬ ಹೆಂಗಸು, ಕಮ್ಮಿ ಮಾತಿನವಳು. ಹೆರಿಗೆಯಾದ ಮೇಲೆ ಕೆಲವರ ಮನಸ್ಸಿಗೆ ಬರುವ ಕಾಯಿಲೆ, ಹೆಸರಿದೆ, ಔಷಧಿ ಇದೆ ಅಂದಳು. "ನೀವು ಹೇಳೋ ಈ ಯೋಚನೆಗಳು ನಿಮ್ಮ ಆಸೆಗಳಲ್ಲ. ನಿಮ್ಮ ಹೆದರಿಕೆಗಳು. ಮಗು ಮೇಲಿನ ಪ್ರೀತಿಗೆ ಜ್ವರ ಬಂದ ಹಾಗೆ" ಅಂದಳು. ಮಕ್ಕಳನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಎರಡು ಸಲ ಹೇಳಿದಳು. ಪಕ್ಕದಲ್ಲಿ ಕೂತಿದ್ದ ಡೊರಿಂಡಾ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡು, "ಮೂವತ್ತನಾಲ್ಕು ವರ್ಷ ಹಿಂದಿಂದಕ್ಕೂ ಅದೇ ಹೆಸರಾ?" ಎಂದು ಕೇಳಿದಳು. "ಅದಕ್ಕೂ ಅದೇ" ಅಂದಳು ಡಾಕ್ಟರು. ಡೊರಿಂಡಾ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. ಅಷ್ಟು ವರ್ಷ ಹೊತ್ತಿದ್ದ ರಾಕ್ಷಸಿಗೆ ಕಾಯಿಲೆಯ ಹೆಸರೊಂದು ಸಿಕ್ಕಿಬಿಟ್ಟಿತಲ್ಲ ಅನ್ನುವ ಬೆರಗಿನಲ್ಲಿ ಅವಳಿಗೆ ಮನೆಗೆ ಬರುವ ಬಸ್ಸಿನಲ್ಲಿ ಇಳಿಯುವ ಜಾಗವೇ ತಪ್ಪಿಹೋಯಿತು.

ಡುವಾರ್ಟ್ ಸುದ್ದಿ ಕೇಳಿ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದ. ನೆಲದ ಹಾಸುಕಲ್ಲು ಕೂರಿಸುವ ಕೆಲಸ ಅವನದು, ಮಂಡಿ ತುಂಬ ಬಿಳಿ ಪುಡಿ. "ನನಗ್ಯಾಕೆ ಹೇಳ್ಲಿಲ್ಲ? ದಿನಾ ಕೇಳ್ತಿದ್ನಲ್ಲ, ಚೆನ್ನಾಗಿದೀಯಾ ಅಂತ?" ಅಂದ.

"ಕೇಳ್ತಿದ್ದೆ. ನೀನು ಬಾಯಲ್ಲಿ ಬ್ರಷ್ ಇಟ್ಕೊಂಡು, ಬಚ್ಚಲುಮನೆಯಿಂದ ಕೇಳ್ತಿದ್ದೆ" ಅಂದಳು ಲಿಸಾಂಡ್ರಾ. "ನಾನೂ ಚೆನ್ನಾಗಿದೀನಿ ಅಂತಿದ್ದೆ. ನಿನಗೆ ತಡ ಆಗ್ತಿತ್ತು."

ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಮರುವಾರ ಹೋಗಿ, ಹೆಂಡತಿ ತೆಗೆದುಕೊಳ್ಳದೆ ಬಿಟ್ಟಿದ್ದ, ಮಗು ನೋಡಿಕೊಳ್ಳುವ ರಜೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು ಬಂದ. ಜೊತೆಯವರು "ಡುವಾರ್ಟಮ್ಮ, ಲಂಗೋಟಿ ಒಣಗ್ತಾ?" ಎಂದು ಫೋನು ಮಾಡಿ ರೇಗಿಸಿದರು. ಡೊರಿಂಡಾಳಿಗೇ ಮೊದಲು ನೋಡಲು ಮುಜುಗರ. ಅವಳ ಗಂಡ ಮೂರು ಮಕ್ಕಳಲ್ಲಿ ಒಂದಕ್ಕೂ ಸ್ನಾನ ಮಾಡಿಸಿದವನಲ್ಲ. ಈಗ ನೋಡಿದರೆ ಈ ಧಡಿಯ ಮಗ, ಕಲ್ಲು ಹಿಡಿದು ಒರಟಾದ ಅಂಗೈಯಲ್ಲಿ ಇನೆಸ್‌ಳ ತಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬೆಚ್ಚನೆ ನೀರು ಸುರಿಯುತ್ತ, ಹಾಡು ಗೊತ್ತಿಲ್ಲದೆ ಕಲ್ಲಿನ ಅಳತೆಗಳನ್ನೇ ರಾಗವಾಗಿ ಹೇಳುತ್ತಿದ್ದಾನೆ. ಬಚ್ಚಲ ಬಾಗಿಲಲ್ಲಿ ಟವೆಲು ಹಿಡಿದು ನಿಂತವಳು ಒಳಗೆ ಹೋಗುವುದನ್ನೇ ಮರೆತಳು.

ಗುಣವಾಗುವುದು ನೇರ ದಾರಿಯಾಗಿರಲಿಲ್ಲ. ಔಷಧಿಯ ಮೊದಲ ವಾರಗಳು ಹೊಟ್ಟೆ ತೊಳಸುವುದರಲ್ಲೇ ಹೋದವು. ಒಂದು ದಿನ ಚೆನ್ನಾಗಿದ್ದರೆ ಎರಡು ದಿನ ಇಲ್ಲ. ಈಸ್ಟರ್ ಊಟದ ನಡುವೆ ಲಿಸಾಂಡ್ರಾ ಎದ್ದು ಹೋಗಿ ಕೋಣೆಯಲ್ಲಿ ಮುಸುಕೆಳೆದುಕೊಂಡಳು. ಒಂದು ದಿನ ಮಾತ್ರ ಹೀಗಾಯಿತು. ಮೇ ತಿಂಗಳ ಮಧ್ಯಾಹ್ನ. ಡೊರಿಂಡಾಳ ಅಡುಗೆಮನೆಯಲ್ಲಿ ಗಿಲ್ ಪಾತ್ರೆಗಳನ್ನು ಬಡಿಯುತ್ತಿದ್ದ, ಇನೆಸ್ ಕಿರುಚುತ್ತಿದ್ದಳು, ಕುಕ್ಕರು ಕೂಗುತ್ತಿತ್ತು. ಆ ಸಂತೆಯ ನಡುವೆ ಮೇಜಿನ ಮೇಲೆ ತಲೆ ಇಟ್ಟ ಲಿಸಾಂಡ್ರಾ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ. ಡೊರಿಂಡಾ ಸೌಟು ಹಿಡಿದು ನಿಂತು, ಹೊಸದಾಗಿ ಹುಟ್ಟಿದ ಕೂಸನ್ನು ನೋಡುವ ಹಾಗೆ ಸೊಸೆಯನ್ನು ನೋಡಿದಳು.

ಆ ಸೀಟು ಹೋಯಿತು. ಅದರಲ್ಲಿ ಬೇರೆಯವನು ಕೂತ, ಕಟ್ಟಡವೂ ಮುಗಿಯಿತು. ಲಿಸಾಂಡ್ರಾ ಅದಕ್ಕೆ ಒಂದು ಸಂಜೆ ಜೋರಾಗಿ ಅತ್ತಳು. ಮುಂದಿನ ವಸಂತದಲ್ಲಿ, ಡಾಕ್ಟರು ಸೈ ಅಂದ ಮೇಲೆ, ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಸರೋವರದ ದಡದಲ್ಲಿ ಏಳುತ್ತಿದ್ದ ಇನ್ನೊಂದು ಕಟ್ಟಡದಲ್ಲಿ ಬೇರೆ ಕ್ರೇನು ಸಿಕ್ಕಿತು. ವಾರಕ್ಕೆ ನಾಲ್ಕೇ ದಿನ. ಐದನೆಯ ದಿನ ಬಾ ಅಂದರೆ ಆಗುವುದಿಲ್ಲ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಡೆಲ್‌ರಾಯ್ ಕೂಡ ಅರ್ಜಿ ಕೊಟ್ಟು ಅಲ್ಲಿಗೇ ವರ್ಗ ಮಾಡಿಸಿಕೊಂಡ. ಬೇರೆಯವರ ದನಿ ತನ್ನ ಕಿವಿಗೆ ಒಗ್ಗುವುದಿಲ್ಲ ಎಂದು ಕಾರಣ ಕೊಟ್ಟ.

ಮೊದಲ ದಿನವೇ ಅಲ್ಲಿ ಕೊಕ್ಕೆಗೆ ಹೊರೆ ಕಟ್ಟುವವನೊಬ್ಬ "ಇವತ್ತು ಮೂಡು ಹೇಗಿದೆ ಮೇಡಂ? ಹೊರೆ ಕಟ್ಟಬಹುದಾ?" ಎಂದು ಎಲ್ಲರ ಮುಂದೆ ಕೆಣಕಿದನಂತೆ.

"ನನ್ನ ಮೂಡು ಕೆಟ್ರೆ ನಾನು ಹೇಳ್ತೀನಪ್ಪ" ಅಂದಳಂತೆ ಲಿಸಾಂಡ್ರಾ. "ನಿನ್ನದು ಕೆಟ್ರೆ ನೀನು ಹೇಳಲ್ಲ. ನನಗೆ ಹೆದರಿಕೆ ನೀನು ಕಟ್ಟೋ ಗಂಟಿನದೇ."

ಇದನ್ನು ಡೊರಿಂಡಾ ಬೇಕರಿಯಲ್ಲಿ ಎಷ್ಟು ಸಲ ಹೇಳಿದ್ದಾಳೋ. ಬೇಕರಿಯ ಹೆಂಗಸರು ಆ ಬೆಳಗಿನ ಸುದ್ದಿ ಕೇಳಿದ ಮೇಲೆ ಮೊದಮೊದಲು ಅವಳ ಕಣ್ಣು ತಪ್ಪಿಸಿದ್ದರು. ಆಮೇಲೆ ಒಬ್ಬೊಬ್ಬಳೇ, ಬೇರೆಯವರು ಇಲ್ಲದಾಗ, ಕುರ್ಚಿ ಹತ್ತಿರ ಎಳೆದುಕೊಂಡು "ಡೊರಿಂಡಾ, ನನಗೂ ಆಗ..." ಎಂದು ಶುರುಮಾಡತೊಡಗಿದರು. ಮೀನು ಕಾರ್ಖಾನೆಯಲ್ಲಿ ದುಡಿದವಳು, ಹೊಲಿಗೆ ಯಂತ್ರದ ಮುಂದೆ ಕೂತವಳು, ಆಸ್ಪತ್ರೆಯ ಬಟ್ಟೆ ಒಗೆದವಳು. ಬ್ಯಾಂಕಿನ ಸೊಸೆಯ ಅತ್ತೆಯೂ ಬಂದಳು. ಅಷ್ಟು ವರ್ಷ ಒಂದೇ ಮೇಜಿನಲ್ಲಿ ಕಾಫಿ ಕುಡಿದವರು ಇವರೇನಾ ಎಂದು ಡೊರಿಂಡಾ ಅವರ ಮುಖಗಳನ್ನು ಹೊಸದಾಗಿ ನೋಡಿದಳು.

ಮೊನ್ನೆ ಶನಿವಾರ ಮಧ್ಯಾಹ್ನ ಡೊರಿಂಡಾ ಮಗನ ಮನೆಯಲ್ಲಿದ್ದಾಗ ಆ ಮೂರನೇ ಮಹಡಿಯ ಬಾಗಿಲು ಯಾರೋ ಬಡಿದರು. ಟ್ರಾಮು ಓಡಿಸುವ ಹುಡುಗಿಯಂತೆ, ಸಮವಸ್ತ್ರದಲ್ಲೇ ಬಂದಿದ್ದಳು. ಯಾರೋ ಯಾರಿಗೋ ಹೇಳಿ ವಿಳಾಸ ಸಿಕ್ಕಿತಂತೆ. ಎದೆಗೆ ಕಟ್ಟಿಕೊಂಡ ಪಟ್ಟಿಯಲ್ಲಿ ಎರಡು ತಿಂಗಳ ಕೂಸು. ಒಳಗೆ ಬರದೆ, "ಕ್ರೇನಿನವರು ನೀವೇನಾ? ಏನಿಲ್ಲ, ಸುಮ್ಮನೆ ಬಂದೆ. ನಿದ್ದೆ ಬರ್ತಿಲ್ಲ, ಅಷ್ಟೇ" ಅಂದು ಬೂಟಿನ ದಾರವನ್ನೇ ನೋಡುತ್ತ ನಿಂತಳು. ಲಿಸಾಂಡ್ರಾ ಕೂಸನ್ನು ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ಆ ಕೈ ಎಷ್ಟು ನಿರಾಳವಾಗಿ ಹಿಡಿದಿತ್ತೆಂದರೆ ಡೊರಿಂಡಾ ಅದನ್ನೇ ನೋಡುತ್ತ ಉಳಿದಳು. ಆಮೇಲೆ ಮೇಜಿನ ಮೇಲೆ ಬ್ರೆಡ್ಡು, ಚೀಸು, ಬಿಸಿ ಸೂಪು ಇಟ್ಟು, ಗಿಲ್‌ಗೆ ಬೂಟು ಹಾಕಿಸಿ, ಇನೆಸ್‌ಳನ್ನು ಕಂಕುಳಿಗೆ ಏರಿಸಿಕೊಂಡು, "ನಾವು ಪಾರ್ಕಿಗೆ ಹೋಗಿ ಬರ್ತೀವಿ. ನೀವು ಮಾತಾಡ್ಕೊಳ್ಳಿ, ಅವಸರ ಇಲ್ಲ" ಅಂದು ಬಾಗಿಲು ಎಳೆದುಕೊಂಡು ಹೊರಟಳು.